ಸಾವಿನ ವೇಳೆ ಹಾಜರಿದ್ದವರು

ಇಗರ್ಜಿಯ ಐದು ಗಂಟೆಗಳ ನಾಲಗೆಗೆ ಚರ್ಮದ ಪಟ್ಟಿ ಕಟ್ಟಿ ಆಗಿತ್ತು. ಆರನೆಯದು, ಎಲ್ಲಕ್ಕಿಂತ ದೊಡ್ಡದು, ಉಳಿದಿತ್ತು. ಲೊರೇನ್ ಅದರ ಕೆಳಗೆ ತೂರಿಕೊಂಡು, ಮರದ ತೊಲೆಯ ಮೇಲೆ ಒಂದು ಮೊಣಕಾಲೂರಿ, ಕತ್ತು ವಾರೆ ಮಾಡಿ, ಬೆರಳಿನಲ್ಲೇ ಬಕಲ್ಲಿನ ತೂತು ಹುಡುಕುತ್ತಿದ್ದಳು. ಗೋಪುರದ ಕಿಂಡಿಗಳಿಂದ ನವೆಂಬರಿನ ಗಾಳಿ ನುಗ್ಗುತ್ತಿತ್ತು. ಕಬ್ಬಿಣದ ನಾಲಗೆ ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

ಇಂಗ್ಲೆಂಡಿನ ನಮ್ಮ ಈ ಊರು ಹಾರ್ಕೂಂಬಿನಲ್ಲಿ ಗಂಟೆ ಬಾರಿಸುವವರೊಬ್ಬರು ತೀರಿಕೊಂಡರೆ ಅವರ ಅಂತ್ಯಕ್ರಿಯೆಯ ದಿನ ಗಂಟೆಗಳನ್ನು ಹೀಗೆ ಕಟ್ಟುವುದು ರೂಢಿ. ನಾಲಗೆಯ ಒಂದೇ ಮಗ್ಗುಲಿಗೆ ಚರ್ಮ. ಹಗ್ಗ ಎಳೆದಾಗ ಮೊದಲ ಪೆಟ್ಟು ಎಂದಿನಂತೆ ಖಣಿಲೆನ್ನುತ್ತದೆ. ಎರಡನೆಯದು ಗುಡ್ಡದಾಚೆಯಿಂದ ಯಾರೋ ಉತ್ತರ ಕೊಟ್ಟ ಹಾಗೆ ಮಂಕಾಗಿ ಬರುತ್ತದೆ. ಇಪ್ಪತ್ತು ವರ್ಷದಿಂದ ಗೋಪುರದ ಉಸ್ತುವಾರಿ ನೋಡಿಕೊಳ್ಳುತ್ತಿರುವ ಲೊರೇನ್‌ಗೆ ಈಗಲೂ ಆ ಎರಡನೆಯ ಸದ್ದು ಕೇಳಿದರೆ ತೋಳಿನ ರೋಮ ನಿಲ್ಲುತ್ತಿತ್ತು. ಚರ್ಮದ ಪಟ್ಟಿಯನ್ನು ತಾನೇ ಕಟ್ಟಿದ್ದು ಎಂದು ಗೊತ್ತಿದ್ದೂ.

ಈ ಸಲ ಹೋದವನು ಲೆನ್. ದೊಡ್ಡ ಗಂಟೆ ಅವನದೇ. ಮೂವತ್ತು ವರ್ಷ ಅದರ ಹಗ್ಗ ಹಿಡಿದಿದ್ದ.

ಏಣಿಯ ಬುಡದಲ್ಲಿ ಹಿಲರಿ ಟಾರ್ಚ್ ಹಿಡಿದು ನಿಂತಿದ್ದಳು. ಅವಳಿಗೆ ನಲವತ್ತೆಂಟು. ಪಟ್ಟಣದ ನೋಂದಣಿ ಕಚೇರಿಯಲ್ಲಿ ರಿಜಿಸ್ಟ್ರಾರ್. ಹುಟ್ಟು, ಸಾವು, ಮದುವೆಗಳನ್ನು ಬರೆಯುವುದೇ ಅವಳ ಕೆಲಸ. ಮಂಗಳವಾರ ಸಂಜೆ ಬಂದು ಎಲ್ಲಕ್ಕಿಂತ ಚಿಕ್ಕ ಗಂಟೆ ಬಾರಿಸುವುದು ಅವಳ ಖುಷಿ.

ಲೊರೇನ್ ಕೈಕೆಲಸ ಬಿಡದೆ ಕೆಳಗೆ ಮಾತು ಹಾಕಿದಳು. ಹಿಂದಿನ ದಿನ ಪಾಲಿನ್ ಲೊರೇನ್‌ಳ ಅಂಗಡಿಗೆ ಬಂದಿದ್ದಳಂತೆ. ಪಾಲಿನ್ ಎಂದರೆ ಲೆನ್‌ನ ಜೊತೆಯವಳು, ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಇಬ್ಬರೂ ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಬಾಳಿದವರು. ಮದುವೆ ಮಾತ್ರ ಆಗಿರಲಿಲ್ಲ. ಬೇಕು ಎಂದೂ ಅನ್ನಿಸಿರಲಿಲ್ಲ. ಸಾವನ್ನು ನೋಂದಾಯಿಸಲು ಪಾಲಿನ್ ಬೇರೊಂದು ಊರಿನ ಕಚೇರಿಗೆ ಹೋಗಿದ್ದಳು, ಲೆನ್ ತೀರಿಕೊಂಡ ಆಸ್ಪತ್ರೆ ಅಲ್ಲಿತ್ತು. ಸಾವಿನ ಪತ್ರ ಕೈಗೆ ಬಂದಾಗ ಓದಿದಳು. ಮಾಹಿತಿ ಕೊಟ್ಟವರು ಎಂಬಲ್ಲಿ ಅವಳ ಹೆಸರು. ಅವಳು ಸತ್ತವನಿಗೆ ಏನಾಗಬೇಕು ಎಂಬಲ್ಲಿ, ಹೆಂಡತಿ ಎಂದಲ್ಲ, ವಿಧವೆ ಎಂದಲ್ಲ. ಸಾವಿನ ವೇಳೆ ಹಾಜರಿದ್ದವರು.

“ಅದನ್ನ ಬರೆದವರಿಗೆ ಕಣ್ಣಿರಲಿಲ್ಲವಾ?” ಎಂದಳು ಲೊರೇನ್. “ಮೂವತ್ತೊಂದು ವರ್ಷ ಕಣೇ. ಇಷ್ಟು ವರ್ಷ ಜೊತೆಗಿದ್ರೆ ಅವಳು ಕಾನೂನಿನ ಪ್ರಕಾರ ರೂಢಿ ಹೆಂಡತಿ ಅಲ್ವಾ?”

ಟಾರ್ಚಿನ ಬೆಳಕು ಅಲ್ಲಾಡದೆ ನಿಂತಿತ್ತು.

“ಹಾಗೊಂದು ಇಲ್ಲ, ಲೊರೇನ್,” ಎಂದಳು ಹಿಲರಿ.

“ಏನು ಇಲ್ಲ?”

“ರೂಢಿ ಹೆಂಡತಿ ಅನ್ನೋದು. ಈ ದೇಶದ ಕಾನೂನಿನಲ್ಲಿ ಅಂಥ ಸಂಬಂಧವೇ ಇಲ್ಲ. ಎರಡು ವರ್ಷ ಇದ್ರೂ ಇಲ್ಲ, ಐವತ್ತು ವರ್ಷ ಇದ್ರೂ ಇಲ್ಲ. ವಾರಕ್ಕೊಬ್ಬರಾದ್ರೂ ನನ್ನ ಮೇಜಿನ ಮುಂದೆ ಕೂತು ಇದೇ ಮಾತು ಹೇಳ್ತಾರೆ. ಪ್ರತಿ ಸಲ ನಾನೇ ಹೇಳಬೇಕು. ಅದಕ್ಕೇ ಟಿಶ್ಯೂ ಡಬ್ಬಿ ನನ್ನ ಕಡೆಗಲ್ಲ, ಅವರ ಕಡೆಗೆ ಇಟ್ಟಿರ್ತೀನಿ.”

ಲೊರೇನ್ ನಕ್ಕಳು. ನಂಬಲಿಲ್ಲ. ಅವಳ ಅಮ್ಮ ಹೇಳುತ್ತಿದ್ದಳು, ಅಂಗಡಿಗೆ ಬರುವವರೆಲ್ಲ ಹೇಳುತ್ತಿದ್ದರು, ಟೀವಿಯಲ್ಲೂ ಕೇಳಿದ ಹಾಗಿತ್ತು. ಊರಿಗೆ ಊರೇ ಹೇಳುವ ಮಾತು ಸುಳ್ಳಾಗಿದ್ದರೆ ಇಷ್ಟು ದಿನ ಯಾರೂ ಸುಮ್ಮನಿರುತ್ತಿದ್ದರೇ? ಬಕಲ್ ಬಿಗಿಯಾಯಿತು. ಅವಳು ದೊಡ್ಡ ಗಂಟೆಯ ತುಟಿಯನ್ನು ಅಂಗೈಯಿಂದ ಒಮ್ಮೆ ತಟ್ಟಿ ಕೆಳಗಿಳಿದಳು. ಇಳಿಯುವಾಗ ಒಂದು ಮೆಟ್ಟಿಲು ತಪ್ಪಿತು. ಅವಳೂ ಟ್ರೆವರನೂ ಮದುವೆಯಾಗದೆ ಜೊತೆಗಿರಲು ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು.

ನಮ್ಮ ಇಗರ್ಜಿಯಲ್ಲಿ ಗಂಟೆಯ ಹಗ್ಗಗಳು ನೆಲಮಟ್ಟದವರೆಗೆ ಬರುತ್ತವೆ. ಬಾರಿಸುವವರು ಹಿಂದೆ ನಿಂತು ಇಡೀ ಸಭೆಯ ಬೆನ್ನು ನೋಡುತ್ತಾರೆ. ಅಂತ್ಯಕ್ರಿಯೆಯ ದಿನ ಲೊರೇನ್ ಹಗ್ಗ ಎಳೆಯುತ್ತ ಕಂಡದ್ದು ಇಷ್ಟು: ಹತ್ತಿರದ ಬಂಧುಗಳು ಕೂರುವ ಮೊದಲ ಸಾಲಿನಲ್ಲಿ ಲೆನ್‌ನ ತಮ್ಮ, ಅವನ ಹೆಂಡತಿ. ಎರಡನೆಯ ಸಾಲಿನಲ್ಲಿ ಪಾಲಿನ್, ಒಬ್ಬಳೇ. ಯಾರೂ ಅವಳನ್ನು ಹಿಂದೆ ಕೂರಿಸಿರಲಿಲ್ಲ. ಒಳಗೆ ಬಂದವಳು ಮೊದಲ ಸಾಲಿನ ಹತ್ತಿರ ಅರೆಕ್ಷಣ ನಿಂತು, ತಾನಾಗಿ ಎರಡನೆಯದಕ್ಕೆ ಸರಿದಿದ್ದಳು. ತಮ್ಮ ತಿರುಗಿ, ಬನ್ನಿ ಎಂದು ಪಕ್ಕದ ಜಾಗ ತೋರಿಸಿದ. ಪಾಲಿನ್ ತಲೆಯಾಡಿಸಿ ಬೇಡವೆಂದಳು.

ಮೇಲೆ ಒಂದು ಪೆಟ್ಟು ಜೋರಾಗಿ, ಒಂದು ಮಂಕಾಗಿ.

ಆಮೇಲೆ ಸಮುದಾಯ ಭವನದಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಟೀ. ಲೆನ್‌ನ ತಮ್ಮ ಒಳ್ಳೆಯ ಮನುಷ್ಯನೇ. ಹನ್ನೆರಡು ವರ್ಷದಿಂದ ಅಣ್ಣನ ಮನೆಗೆ ಕಾಲಿಟ್ಟಿರಲಿಲ್ಲ ಅಷ್ಟೆ. ಅವನಿಗೂ ಮುಜುಗರವಾಗಿತ್ತು. ಲೆನ್ ಉಯಿಲು ಬರೆದಿರಲಿಲ್ಲ, ಮನೆ ಲೆನ್‌ನ ಹೆಸರಿನಲ್ಲೇ ಇತ್ತು, ಹಾಗಾಗಿ ಎಲ್ಲ ತನಗೆ ಬರುತ್ತದೆ ಎಂದು ವಕೀಲರು ಹೇಳಿದ್ದಾರೆ, ಪಾಲಿನ್ ವಸಂತದವರೆಗೆ ಇರಬಹುದು, ಅವಸರವಿಲ್ಲ ಎಂದ. ಅವಸರವಿಲ್ಲ ಎಂಬ ಮಾತನ್ನು ಮೂರು ಸಲ ಹೇಳಿದ.

ಪಾಲಿನ್ ಬಸಿ ಕೆಳಗಿಟ್ಟು ಲೊರೇನ್‌ಳ ಕೈ ಹಿಡಿದಳು. “ಮನೆ ಹೋದ್ರೆ ಹೋಗ್ಲಿ ಕಣೇ,” ಎಂದಳು ಮೆಲ್ಲಗೆ. “ಕೋರ್ಟಿಗೆ ಹೋದ್ರೆ ಏನಾದ್ರೂ ಸಿಗಬಹುದಂತೆ. ಆದ್ರೆ ಹೋಗಿ ಕೇಳಬೇಕು. ನಾನು ಅವನಿಗೆ ಏನಾಗಿದ್ದೆ ಅಂತ ಯಾರೋ ಗೊತ್ತಿಲ್ಲದವರ ಮುಂದೆ ನಿಂತು ರುಜುವಾತು ಮಾಡಬೇಕು. ನಾನು ಅವನ ಹಲ್ಲಿನ ಸೆಟ್ಟು ತೊಳೀತಿದ್ದೆ, ಲೊರೇನ್. ಅದಕ್ಕೆ ರಸೀತಿ ಇಟ್ಟುಕೊಂಡಿಲ್ಲ.”

ಲೊರೇನ್ ಅವಳ ಕೈ ಹಾಗೆಯೇ ಹಿಡಿದು ಕೂತಳು.

ಮನೆಗೆ ಬಂದಾಗ ಟ್ರೆವರ್ ಹಿತ್ತಲಿನ ಕೊಟ್ಟಿಗೆಯಲ್ಲಿ ಚಾವಣಿಯ ಹುಲ್ಲು ಬಿಗಿಯುವ ಹೇಜಲ್ ಮರದ ಕಡ್ಡಿ ಸೀಳುತ್ತ ಕೂತಿದ್ದ. ಮನೆಗಳಿಗೆ ಹುಲ್ಲಿನ ಚಾವಣಿ ಹೊದಿಸುವುದು ಅವನ ಕಸುಬು, ಅವನ ಅಪ್ಪನದೂ. ಅರವತ್ಮೂರು ವಯಸ್ಸು. ಬೇಸಿಗೆಯಲ್ಲಿ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಗೊತ್ತಾಗಿತ್ತು. ಜನವರಿಯಲ್ಲಿ ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ಏಣಿ ಹತ್ತಬಾರದು. ಅವನ ಉದ್ದದ ಏಣಿ ಕೊಟ್ಟಿಗೆಯ ಗೋಡೆಗೆ ಅಡ್ಡಲಾಗಿ ತೂಗುತ್ತಿತ್ತು.

ಆ ಏಣಿಗೂ ಒಂದು ಕಥೆಯಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಟ್ರೆವರ್ ಅದರ ತುದಿಯಲ್ಲಿ ನಿಂತು, ಬಾಯಲ್ಲಿ ಕಡ್ಡಿ ಕಚ್ಚಿಕೊಂಡು, ಮದುವೆಯಾಗೋಣವಾ ಎಂದು ಕೇಳಿದ್ದ. ಇನ್ನೊಂದು ಸಲ ಆ ಮಾತು ಎತ್ತಿದರೆ ಏಣಿ ತೆಗೆದುಬಿಡುತ್ತೇನೆ ಎಂದು ಅವಳು ಕೆಳಗಿನಿಂದ ಹೇಳಿದ್ದಳು. ಅವನು ನಕ್ಕು ಕೆಲಸ ಮುಂದುವರಿಸಿದ್ದ. ಮತ್ತೆ ಕೇಳಿರಲಿಲ್ಲ.

ಕಾರಣ ಅವನಿಗೆ ಗೊತ್ತಿತ್ತು. ಲೊರೇನ್ ಇಪ್ಪತ್ತಕ್ಕೇ ಒಂದು ಮದುವೆಯಾಗಿದ್ದವಳು. ಇದೇ ಇಗರ್ಜಿ. ಅಪ್ಪ ಅವಳ ಕೈಯನ್ನು ಒಯ್ದು ಇನ್ನೊಬ್ಬನ ಕೈಗಿಟ್ಟ. ವಿಧೇಯಳಾಗಿರುತ್ತೇನೆ ಎಂದು ಅವಳು ನೂರು ಜನರೆದುರು ಹೇಳಿದಳು. ಹೊರಗೆ ಬಂದಾಗ ಆರೂ ಗಂಟೆಗಳು ಹುಚ್ಚೆದ್ದು ಮೊಳಗಿದವು. ಆ ಗಂಡ ಮುಂದಿನ ಎಂಟು ವರ್ಷ ಅವಳಿಗೆ ಆ ಒಂದು ಪದವನ್ನೇ ನೆನಪಿಸುತ್ತ ಬಂದ, ಮಾತಿನಲ್ಲಿ, ಕೆಲವೊಮ್ಮೆ ಕೈಯಲ್ಲಿ. ಕೋರ್ಟಿನಲ್ಲಿ ಅದು ಮುಗಿದ ದಿನ ಅವಳು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು, ಇನ್ನು ಯಾರ ಹೆಂಡತಿಯೂ ಅಲ್ಲ ಎಂದು.

ಟ್ರೆವರನ ಬದಿಯಲ್ಲಿ ಕೂತು ಅವಳು ಪಾಲಿನ್‌ಳ ವಿಷಯ ಹೇಳಿದಳು. ರೂಢಿ ಹೆಂಡತಿ ಎಂಬುದೇ ಇಲ್ಲವಂತೆ ಎಂದಳು. ಅವನು ಚೂರಿ ನಿಲ್ಲಿಸಿದ. ಅವನೂ ಅದನ್ನೇ ನಂಬಿಕೊಂಡಿದ್ದ. ಆಸ್ಪತ್ರೆಯ ಅರ್ಜಿಯಲ್ಲಿ ಹತ್ತಿರದ ಸಂಬಂಧಿ ಎಂಬಲ್ಲಿ ನಿನ್ನ ಹೆಸರೇ ಬರೆದಿದ್ದೇನಲ್ಲ ಎಂದ. ಅದು ಫೋನು ಮಾಡಲಿಕ್ಕಷ್ಟೇ ಅಂತೆ ಎಂದಳು. ಈ ಮನೆ? ಅವನ ಅಮ್ಮನಿಂದ ಅವನಿಗೆ ಬಂದದ್ದು. ಅವನಿಗೇನಾದರೂ ಆದರೆ ಅದು ಸ್ಕಾಟ್ಲೆಂಡಿನಲ್ಲಿರುವ ತಂಗಿಗೆ ಹೋಗುತ್ತದೆ. ಉಯಿಲು ಬರೆಯೆಂದು ಅವಳು ಹಿಂದೆ ಹೇಳಿದ್ದಾಗಲೆಲ್ಲ, ಬರೆದ ಮಾರನೇ ದಿನವೇ ಸಾಯುತ್ತೇನೆ ಎಂದು ಅವನು ತಪ್ಪಿಸಿಕೊಂಡಿದ್ದ.

“ಅಂದ್ರೆ ನನ್ನ ಕವಾಟ ಕೆಟ್ಟ ಮೇಲೆ ನಿನಗೆ ನನ್ನ ಮನೆ ಮೇಲೆ ಪ್ರೀತಿ ಬಂತು,” ಎಂದ ಟ್ರೆವರ್. ತಮಾಷೆಗೇ ಅಂದದ್ದು. ಅವನ ತಮಾಷೆಗಳೆಲ್ಲ ಹಾಗೆಯೇ, ಒರಟು.

ಲೊರೇನ್ ಹೆದರಿದ್ದು ಅದೇ ಮಾತಿಗೆ. ಊರು ಹಾಗೆ ಅನ್ನಬಹುದು, ಅನ್ನಲಿ. ಇವನು ಅಂದುಬಿಟ್ಟನಲ್ಲ.

ಅವಳ ಮುಖ ನೋಡಿ ಅವನೂ ಮೆತ್ತಗಾದ. ಸೀಳಿದ ಕಡ್ಡಿಯನ್ನು ತಿರುವಿ ತಿರುವಿ ನೋಡುತ್ತ ಹೇಳಿದ: “ನಾನು ಒಂದ್ಸಲ ಕೇಳಿದ್ದೀನಿ, ಚಿನ್ನ. ಈಗ ಕೇಳೋ ಸರದಿ ನಂದಲ್ಲ.”

ಮಂಗಳವಾರದ ಅಭ್ಯಾಸ ಮುಗಿದ ಮೇಲೆ ಲೊರೇನ್ ಹಗ್ಗ ಸುತ್ತುವ ನೆಪದಲ್ಲಿ ಹಿಲರಿಯನ್ನು ನಿಲ್ಲಿಸಿಕೊಂಡಳು. ಮದುವೆಯಾಗದೆ ಬೇರೆ ದಾರಿ ಇದೆಯಾ ಎಂದು ಕೇಳಿದಳು. ಕೇಳುತ್ತಿರುವುದು ಪಾಲಿನ್‌ಗಾಗಿ ಎಂಬಂತೆ ಕೇಳಿದಳು. ಪಾಲಿನ್‌ಗೆ ಈಗ ಅಂಥ ದಾರಿ ಯಾವುದೂ ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹಿಲರಿ ಅದನ್ನು ಎತ್ತಿ ಆಡಲಿಲ್ಲ.

“ಸಿವಿಲ್ ಪಾರ್ಟ್‌ನರ್‌ಶಿಪ್ ಇದೆ,” ಎಂದಳು. “ಕಾನೂನು ಒಪ್ಪೋ ಸಂಗಾತಿತನ.”

“ಅದು ನಿಮ್ಮಂಥವರಿಗಲ್ವಾ?”

ಹಿಲರಿ ಜೋರಾಗಿ ನಕ್ಕಳು. ಅವಳ ಸಂಗಾತಿಯೂ ಹೆಣ್ಣು. ಇಬ್ಬರೂ ಹದಿನಾರು ವರ್ಷದ ಹಿಂದೆ ಹಾಗೆ ನೋಂದಾಯಿಸಿಕೊಂಡಿದ್ದರು. “ನಮ್ಮಂಥವರಿಗೆ ಅಂತಲೇ ಮೊದಲು ಮಾಡಿದ್ರು. ಆಗ ಮದುವೆ ನಮಗಿರಲಿಲ್ಲ, ಇದು ನಿಮಗಿರಲಿಲ್ಲ. ಆಮೇಲೆ ಒಂದು ಗಂಡು ಹೆಣ್ಣು ಜೋಡಿ ಕೋರ್ಟಿಗೆ ಹೋಯ್ತು, ಅವರಿಗೆ ಇರೋದು ನಮಗೂ ಕೊಡಿ ಅಂತ. ಎರಡು ಸಾವಿರದ ಹತ್ತೊಂಬತ್ತರ ಕೊನೇ ದಿನದಿಂದ ಇಲ್ಲಿ ಎಲ್ಲರಿಗೂ ಇದೆ. ಮೂರು ವರ್ಷ ಆಗ್ತಾ ಬಂತು. ನಮ್ಮೂರಿಗೆ ಸುದ್ದಿ ಮಾತ್ರ ಕಾಲ್ನಡಿಗೇಲಿ ಬರ್ತಿದೆ.”

ಆಮೇಲೆ ಕೂತು ಬಿಡಿಸಿ ಹೇಳಿದಳು. ಇಬ್ಬರಿಗೂ ಹದಿನೆಂಟು ತುಂಬಿರಬೇಕು. ಬೇರೆ ಮದುವೆ ಅಥವಾ ಸಂಗಾತಿತನದ ಬಂಧ ಇರಬಾರದು. ರಕ್ತಸಂಬಂಧಿಗಳಾಗಿರಬಾರದು. ಇಬ್ಬರೂ ಖುದ್ದಾಗಿ ತಮ್ಮ ಪ್ರದೇಶದ ನೋಂದಣಿ ಕಚೇರಿಗೆ ಹೋಗಿ ನೋಟೀಸು ಕೊಡಬೇಕು. ಪಾಸ್‌ಪೋರ್ಟು, ವಿಳಾಸದ ಪುರಾವೆ, ಹಿಂದೆ ಮದುವೆಯಾಗಿದ್ದವರು ವಿಚ್ಛೇದನದ ಅಂತಿಮ ಆದೇಶ ತರಬೇಕು. ಇಪ್ಪತ್ತೆಂಟು ದಿನ ಕಾಯಬೇಕು. ಆಮೇಲೆ ರಿಜಿಸ್ಟ್ರಾರ್ ಮತ್ತು ಇಬ್ಬರು ಸಾಕ್ಷಿಗಳ ಎದುರು ಸಹಿ. ಅಲ್ಲಿಗೆ ಮುಗಿಯಿತು.

ಏನು ಹೇಳಬೇಕು ಎಂದು ಲೊರೇನ್ ಕೇಳಿದಳು.

“ಏನೂ ಹೇಳಬೇಕಾಗಿಲ್ಲ. ಮದುವೆಗೆ ಇಂಥ ಮಾತು ಆಡಲೇಬೇಕು ಅಂತಿದೆ. ಇದಕ್ಕಿಲ್ಲ. ಆಡಬೇಕು ಅನ್ನಿಸಿದ್ರೆ ಆಡಬಹುದು. ಯಾರೂ ಯಾರನ್ನೂ ಯಾರ ಕೈಗೂ ಒಪ್ಪಿಸೋ ಹಾಗಿಲ್ಲ. ಗಂಡ ಅಲ್ಲ, ಹೆಂಡತಿ ಅಲ್ಲ. ಸಂಗಾತಿ, ಇಬ್ಬರೂ. ಹಕ್ಕು ಮಾತ್ರ ಹೆಚ್ಚು ಕಡಿಮೆ ಮದುವೆಯದ್ದೇ. ಉಯಿಲಿಲ್ಲದೆ ಒಬ್ಬರು ಹೋದ್ರೆ ಮೊದಲ ಹಕ್ಕು ಇನ್ನೊಬ್ಬರದು. ಸಾವಿನ ಪತ್ರದಲ್ಲಿ ಸಂಬಂಧಕ್ಕೆ ಹೆಸರಿರುತ್ತೆ.”

ಇನ್ನೂ ಸಂಶಯಗಳಿದ್ದವು. ಸಾಕಾದರೆ ಏನು ಗತಿ ಎಂದು ಕೇಳಿದಳು. ಮದುವೆಯ ಹಾಗೆಯೇ ಕೋರ್ಟಿಗೆ ಹೋಗಬೇಕು, ಸಹಿ ಮಾಡಿದ ಒಂದು ವರ್ಷದ ನಂತರವೇ, ಇದು ಆಟವಲ್ಲ ಎಂದಳು ಹಿಲರಿ. ಇದಾದರೆ ಉಯಿಲು ಬೇಡವಾ? ಉಯಿಲೂ ಬೇಕು. ಹಳೆಯದೊಂದಿದ್ದರೆ ಸಹಿ ಮಾಡಿದ ದಿನ ಅದು ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ಹೊಸದು ಬರೆಯಬೇಕು. ಆಸ್ಪತ್ರೆಯಲ್ಲಿ ಅವನ ಪರವಾಗಿ ತೀರ್ಮಾನ ಮಾಡುವುದು? ಅದಕ್ಕೆ ಬೇರೆ ಅಧಿಕಾರಪತ್ರ, ಗಂಡ ಹೆಂಡತಿಯಾದರೂ ಅದು ಬೇಕೇ ಬೇಕು.

ಹೊರಡುವಾಗ ಹಿಲರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಒಂದು ಸಹಾಯ ಕೇಳಿದಳು. ನಾಳೆ ಬೆಳಿಗ್ಗೆ ವಯಸ್ಸಾದ ಜೋಡಿಯೊಂದು ಸಹಿಗೆ ಬರುತ್ತಿದೆ. ಅವರ ಸಾಕ್ಷಿಗಳಲ್ಲಿ ಒಬ್ಬರು ಜ್ವರ ಬಂದು ಮಲಗಿದ್ದಾರೆ. ಸಾಕ್ಷಿಗೆ ಪರಿಚಯ ಇರಲೇಬೇಕೆಂದಿಲ್ಲ, ಬರುತ್ತೀಯಾ ಎಂದಳು. ಅಂಗಡಿಗೆ ಬುಧವಾರ ರಜೆ. ಲೊರೇನ್‌ಗೆ ನೆಪ ಸಿಗಲಿಲ್ಲ.

ಕಚೇರಿಯ ಕೋಣೆ ಚಿಕ್ಕದು. ಒಂದು ಮೇಜು, ಆರು ಕುರ್ಚಿ, ಟಿಕ್ ಟಿಕ್ ಎನ್ನುವ ರೇಡಿಯೇಟರು. ಕಿಟಕಿಯ ಹೊರಗೆ ಕಾರು ನಿಲ್ಲಿಸುವ ಜಾಗ. ಯಾರೋ ಹೂವು ತಂದಿದ್ದರು, ಅಂಗಡಿಯ ಕಾಗದ ಬಿಚ್ಚದೆ ಹಾಗೆಯೇ ಇಟ್ಟಿದ್ದರು.

ಮರ್ವಿನ್‌ಗೆ ಎಪ್ಪತ್ತೇಳು, ಆಡ್ರೆಗೆ ಎಪ್ಪತ್ತೆರಡು. ಅವನಿಗೆ ಕೈ ನಡುಗುವ ಕಾಯಿಲೆ. ಅವಳು ಅವನ ಟೈ ಸರಿಮಾಡುತ್ತ, ಪರಿಚಯವಿಲ್ಲದ ಲೊರೇನ್‌ಗೆ ತಾನಾಗಿಯೇ ಹೇಳಿದಳು. ಮೊದಲ ಗಂಡ ತೀರಿ ಹದಿನೆಂಟು ವರ್ಷವಾಯಿತು. “ಮದುವೇಲಿ ಆಡೋ ಮಾತೆಲ್ಲ ಅವನಿಗೆ ಆಡಿಬಿಟ್ಟಿದ್ದೀನಿ. ಅದು ಅವನದು. ಇನ್ನೊಂದ್ಸಲ ತೆಗೆದು ಬಳಸೋಕೆ ಮನಸ್ಸು ಬರಲಿಲ್ಲ. ಇವನಿಗೆ ಮಾತು ಬೇಡ ಅಂತೆ, ನಾನು ಇದ್ರೆ ಸಾಕಂತೆ.”

ಮರ್ವಿನ್ ಅಷ್ಟಕ್ಕೇ ಬಿಡಲಿಲ್ಲ. “ಮಾತು ಇವಳೇ ಸಾಕಷ್ಟು ಆಡ್ತಾಳೆ,” ಎಂದ.

ಮೇಜಿನ ಮೇಲೆ ಕಾಗದವಿತ್ತು. ಹಿಲರಿ ಒಂದೊಂದೇ ಸಾಲನ್ನು ಬೆರಳಿಟ್ಟು ಓದಿಸಿದಳು. ಇಬ್ಬರ ಹೆಸರು, ಕೆಲಸ, ವಿಳಾಸ. ಇಬ್ಬರ ತಂದೆಯ ಹೆಸರು, ಇಬ್ಬರ ತಾಯಿಯ ಹೆಸರು. ಲೊರೇನ್‌ಳ ಕಣ್ಣು ಆ ಸಾಲಿಗೆ ಬಂದು ನಿಂತಿತು. ಅವಳ ಆ ಹಳೆಯ ಮದುವೆಯ ಪತ್ರದಲ್ಲಿ ತಾಯಿಯ ಹೆಸರಿಗೆ ಜಾಗವೇ ಇರಲಿಲ್ಲ. ಮೂರು ತಿಂಗಳು ಕೂತು ಉಡುಪು ಹೊಲಿದವಳು ಅಮ್ಮ. ಪತ್ರದಲ್ಲಿದ್ದವನು ಅಪ್ಪ ಮಾತ್ರ.

ಆಡ್ರೆ ಮೊದಲು ಸಹಿ ಮಾಡಿದಳು. ಪೆನ್ನನ್ನು ಮರ್ವಿನ್‌ನ ಬೆರಳುಗಳ ನಡುವೆ ಇಟ್ಟು, ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.

ಅವನ ಕೈ ಕಾಗದದ ಮೇಲೆ ಇಳಿಯಲು ಎರಡು ಸಲ ನೋಡಿತು. ಮೂರನೆಯ ಸಲ ಇಳಿಯಿತು. ಒಂದು ಅಕ್ಷರ. ನಿಂತಿತು. ಇನ್ನೊಂದು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಅದು ಅವನೇ ಮಾಡಬೇಕಾದ ಕೆಲಸ. ಹೊರಗೆ ಯಾವುದೋ ವ್ಯಾನು ಹಿಂದಕ್ಕೆ ಬರುತ್ತ ಪೀಂ ಪೀಂ ಎಂದು ಕೂಗಿ ಸುಮ್ಮನಾಯಿತು. ನಾಲ್ಕನೆಯ ಅಕ್ಷರದಲ್ಲಿ ಪೆನ್ನು ನಡುಗುತ್ತ ಅಲ್ಲೇ ನಿಂತುಬಿಟ್ಟಿತು. ಆ ಕೊನೆಯ ಅಕ್ಷರ ಬೀಳುವವರೆಗೆ ಈ ಇಬ್ಬರೂ ಕಾನೂನಿನ ಕಣ್ಣಿಗೆ ಬಸ್‌ಸ್ಟಾಪಿನಲ್ಲಿ ಅಕ್ಕಪಕ್ಕ ನಿಂತ ಇಬ್ಬರು ಅಪರಿಚಿತರು. ಅವನ ಮಾತ್ರೆಗಳ ಹೊತ್ತು ಅವಳಿಗೆ ಬಾಯಿಪಾಠ. ಅವಳ ಮಂಡಿ ಯಾವ ಹವೆಗೆ ನೋಯುತ್ತದೆ ಎಂದು ಅವನಿಗೆ ಗೊತ್ತು. ಅದೆಲ್ಲವೂ ಈಗ ಒಂದು ಪೆನ್ನಿನ ಮೊನೆಯ ಈಚೆಗೆ ನಿಂತು ಕಾಯುತ್ತಿತ್ತು.

ಪೆನ್ನು ಕದಲಿತು. ಉಳಿದ ಅಕ್ಷರಗಳು ಬಿದ್ದವು, ಸೊಟ್ಟಗೆ, ಗೆರೆ ದಾಟಿ ಕೆಳಗೆ.

“ಆಯ್ತು,” ಎಂದಳು ಹಿಲರಿ.

ಕೋಣೆಯಲ್ಲಿ ಏನೂ ಬದಲಾಗಿರಲಿಲ್ಲ. ರೇಡಿಯೇಟರು ಟಿಕ್ಕೆನ್ನುತ್ತಿತ್ತು. ಯಾರೂ ಎದ್ದು ನಿಂತಿರಲಿಲ್ಲ, ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಆದರೂ ಲೊರೇನ್‌ಗೆ ತೋಳಿನ ರೋಮ ನಿಂತಿತ್ತು. ದೊಡ್ಡ ಗಂಟೆಯ ಕೆಳಗೆ ನಿಂತು ಮೊದಲ ಪೆಟ್ಟು ಕೇಳಿದಾಗ ನೆಲ ಕಾಲಡಿಯಲ್ಲಿ ಕಂಪಿಸುತ್ತದೆ. ಇಲ್ಲಿ ಸದ್ದೇ ಇರಲಿಲ್ಲ, ನೆಲ ಕಂಪಿಸಿತ್ತು. ಇಷ್ಟು ದೊಡ್ಡದೊಂದು ಇಷ್ಟು ಚಿಕ್ಕ ಕೋಣೆಯಲ್ಲಿ, ಇಷ್ಟು ಮೌನದಲ್ಲಿ ಆಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಯಾರೂ ತಲೆ ಬಗ್ಗಿಸಲಿಲ್ಲ. ಯಾರೂ ಯಾರಿಗೂ ವಿಧೇಯರಾಗಲಿಲ್ಲ. ಎರಡು ಹೆಸರು, ಒಂದರ ಪಕ್ಕ ಒಂದು.

ಮರ್ವಿನ್ ಮುಖ ಎತ್ತಿ ಆಡ್ರೆಯನ್ನು ನೋಡಿ, “ಗೆರೆ ದಾಟಿಬಿಡ್ತು,” ಎಂದ. ದಾಟಲಿ ಬಿಡು ಎಂದು ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸಾಕ್ಷಿಯ ಜಾಗದಲ್ಲಿ ಲೊರೇನ್ ತನ್ನ ಹೆಸರು ಬರೆದಳು.

ಮುಂದಿನ ಭಾನುವಾರ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ. ಅದಕ್ಕೂ ಗಂಟೆಗಳನ್ನು ಅರ್ಧ ಕಟ್ಟಿಯೇ ಬಾರಿಸುವುದರಿಂದ ಚರ್ಮದ ಪಟ್ಟಿಗಳು ಹಾಗೆಯೇ ಇದ್ದವು. ಸೋಮವಾರ ಬೆಳಿಗ್ಗೆ, ಅಂಗಡಿಗೆ ಹೋಗುವ ಮೊದಲು, ಲೊರೇನ್ ಬಿಚ್ಚಲು ಗೋಪುರ ಹತ್ತಿದಳು. ಶನಿವಾರ ಯಾರದೋ ಮದುವೆಯಿತ್ತು. ಗಂಟೆಗಳು ಬಾಯಿ ಬಿಡಬೇಕು.

ಅವಳ ಕೈಚೀಲದಲ್ಲಿ ಒಂದು ಹಳೆಯ ಲಕೋಟೆಯಿತ್ತು. ವಿಚ್ಛೇದನದ ಆದೇಶ. ಬಿಸ್ಕತ್ತಿನ ಡಬ್ಬಿಯ ತಳದಲ್ಲಿ, ಕ್ರಿಸ್ಮಸ್ ಕೇಕಿನ ಅಚ್ಚುಗಳ ಕೆಳಗೆ ಸಿಕ್ಕಿತ್ತು. ಕೋರ್ಟಿನ ಮುದ್ರೆ ಇನ್ನೂ ಕೆಂಪಗಿತ್ತು. ಆ ಕಾಗದವನ್ನು ಅವಳು ಇಷ್ಟು ವರ್ಷ ಮುಗಿದುಹೋದದ್ದರ ಗುರುತು ಎಂದುಕೊಂಡಿದ್ದಳು. ಅದಿಲ್ಲದೆ ಏನೂ ಶುರುವಾಗುವಂತಿಲ್ಲ ಎಂದು ಹಿಲರಿ ಹೇಳಿದ ಮೇಲೆ ಅದು ಬೇರೆಯೇ ಕಾಗದದಂತೆ ಕಾಣುತ್ತಿತ್ತು.

ಒಂದೊಂದೇ ಬಕಲ್ ಬಿಚ್ಚಿದಳು. ಬಿಚ್ಚುತ್ತ ಎಣಿಸಿದಳು. ಈ ವಾರವೇ ಇಬ್ಬರೂ ಹೋಗಿ ನೋಟೀಸು ಕೊಟ್ಟರೆ ಇಪ್ಪತ್ತೆಂಟು ದಿನ ಡಿಸೆಂಬರಿನ ಮಧ್ಯಕ್ಕೆ ಮುಗಿಯುತ್ತದೆ. ಕ್ರಿಸ್ಮಸ್ಸಿಗೆ ಮೊದಲು. ಜನವರಿಗೆ ಮೊದಲು. ಮುಂದಿನ ವಾರ, ಆಮೇಲಿನ ವಾರ ಎಂದು ತಳ್ಳಿದರೆ ದಿನ ಸಾಲುವುದಿಲ್ಲ. ಮನೆಯ ಆಸೆಗೆ ಎಂದು ಅವನು ಇನ್ನೊಮ್ಮೆ ತಮಾಷೆ ಮಾಡಬಹುದು. ಮಾಡಲಿ. ಎರಡನೆಯ ಸಾಲಿನಲ್ಲಿ ಕೂರುವುದಕ್ಕಿಂತ ಆ ತಮಾಷೆ ಕೇಳುವುದು ಸುಲಭ.

ಆರನೆಯ ಗಂಟೆಯ ಚರ್ಮವೂ ಕೈಗೆ ಬಂತು. ಕೆಳಗಿನಿಂದ ಇಗರ್ಜಿ ಗುಡಿಸುವಾಕೆ, ಎಲ್ಲ ಆಯಿತೇ ಎಂದು ಕೂಗಿ ಕೇಳಿದಳು. ಆಯಿತು ಎಂದಳು ಲೊರೇನ್. ಮನೆಗೆ ಹೋದಾಗ ಟ್ರೆವರ್ ಕೊಟ್ಟಿಗೆಯಲ್ಲಿರುತ್ತಾನೆ, ಆ ಏಣಿಯ ಕೆಳಗೆ. ಈ ಸಲ ಕೇಳುವವಳು ಅವಳು. ಅದು ಅವಳಿಗಲ್ಲದೆ ಮೇಲಿನ ಆರು ಗಂಟೆಗಳಿಗೂ ಇನ್ನೂ ಗೊತ್ತಿರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ತಂಗಿ, ಅಣ್ಣ, ನೀವೂ ಯಾರಿಗೂ ಹೇಳಬೇಕಾಗಿಲ್ಲ. ಎಷ್ಟೇ ವರ್ಷ ಜೊತೆಗೆ ಬಾಳಿದರೂ ಆ ವರ್ಷಗಳು ತಾವಾಗಿ ಕಾಗದವಾಗುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಇಲ್ಲಿ ಇಂಗ್ಲೆಂಡಿನಲ್ಲಿ ಮದುವೆ ಬೇಡವೆನ್ನುವವರಿಗೂ ಒಂದು ಬಾಗಿಲಿದೆ, ಮೊದಲೇ ನೋಟೀಸು ಕೊಟ್ಟು ಸಾಕ್ಷಿಗಳೆದುರು ಇಬ್ಬರೂ ಸಹಿ ಮಾಡಿದರೆ ಸಾಕು. ಬೇರೆ ನೆಲದಲ್ಲಿದ್ದರೆ ಅಲ್ಲಿನ ಕಾನೂನು ಬೇರೆ ಇರುತ್ತದೆ, ಊರಿನ ಮಾತು ನಂಬಿ ಕೂರದೆ ತಿಳಿದವರನ್ನು ಕೇಳಿ. ಉಯಿಲು ಬರೆದಿಲ್ಲದಿದ್ದರೆ ಬರೆಯಿರಿ. ಇವತ್ತು ಸಂಜೆ, ನಿಮ್ಮವರು ಎದುರಿಗೆ ಕೂತು ಟೀ ಕುಡಿಯುತ್ತಿರುವಾಗ, ಅವರ ಮುಖ ಒಮ್ಮೆ ನೋಡಿ ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವರಿಗೇನಾದರೂ ಆದ ದಿನ, ಕಾಗದದ ಮೇಲೆ ನನ್ನ ಹೆಸರಿನ ಮುಂದೆ ಏನೆಂದು ಬರೆಯುತ್ತಾರೆ?